ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ತರಗತಿ: ಯಾವ ದಾರಿಗೆ ಯಾವ ದುಡ್ಡು, ಯಾರಿಗೆ ಯಾವುದು ಸರಿ

ಒಂದು ಲೆಕ್ಕದಿಂದ ಶುರು ಮಾಡೋಣ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಒಂದು ಪ್ರಾಥಮಿಕ ಶಾಲೆಯ ಎರಡನೇ ತರಗತಿಯಲ್ಲಿ 112 ಮಕ್ಕಳಿದ್ದಾರೆ ಎಂದುಕೊಳ್ಳಿ. ಈಗ 4 ಸೆಕ್ಷನ್, ಒಂದೊಂದರಲ್ಲಿ 28 ಮಕ್ಕಳು. 2022ರ ಸೆಪ್ಟೆಂಬರಿನಲ್ಲಿ ಗವರ್ನರ್ ಕ್ಯಾಥಿ ಹೋಕಲ್ ಸಹಿ ಹಾಕಿದ ಕಾನೂನಿನ ಪ್ರಕಾರ ಕಿಂಡರ್‌ಗಾರ್ಟನ್‌ನಿಂದ ಮೂರನೇ ತರಗತಿವರೆಗೆ ಒಂದು ಸೆಕ್ಷನ್ನಿನಲ್ಲಿ 20ಕ್ಕಿಂತ ಹೆಚ್ಚು ಮಕ್ಕಳು ಇರುವಂತಿಲ್ಲ. ಹಾಗಾದರೆ 112 ಮಕ್ಕಳಿಗೆ 6 ಸೆಕ್ಷನ್ ಬೇಕು. ಇನ್ನೂ ಇಬ್ಬರು ಟೀಚರ್, ಇನ್ನೂ ಎರಡು ಕೋಣೆ. ಕೋಣೆ ಇಲ್ಲವೆಂದರೆ 4 ಸೆಕ್ಷನ್ನಿಗೆ 80 ಮಕ್ಕಳು ಮಾತ್ರ. ಉಳಿದ 32 ಮಕ್ಕಳು ಬೇರೆ ಶಾಲೆ ನೋಡಿಕೊಳ್ಳಬೇಕು.

ಚಿಕ್ಕ ತರಗತಿ ಬೇಡ ಎನ್ನುವ ಅಪ್ಪ ಅಮ್ಮ ಎಲ್ಲೂ ಸಿಗುವುದಿಲ್ಲ. ಆದರೆ ಇಬ್ಬರು ಟೀಚರ ಸಂಬಳ, ಎರಡು ಕೋಣೆಯ ಜಾಗ, 32 ಮಕ್ಕಳ ಸ್ಥಳಾಂತರ, ಇವುಗಳಲ್ಲಿ ಭಾರ ಯಾವುದರ ಮೇಲೆ ಬೀಳಬೇಕು ಎಂದು ಕೇಳಿದ ಕೂಡಲೇ ಒಂದೇ ಬೀದಿಯ ಜನ ಬೇರೆ ಬೇರೆ ಆಗುತ್ತಾರೆ. ಮಕ್ಕಳನ್ನು ನಗರದ ಸರ್ಕಾರಿ ಶಾಲೆಗೆ ಕಳಿಸುವ ಕನ್ನಡ ಕುಟುಂಬಗಳು ಈ ಚರ್ಚೆಯಲ್ಲಿ ದನಿ ಎತ್ತಲಿ ಎಂಬ ಆಸೆಯಿಂದ ಮುಂದಿರುವ ದಾರಿಗಳನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಶಾಲೆಗೆ ಕೊರತೆ ಇರುವುದು ಟೀಚರದ್ದೋ ಕೋಣೆಯದ್ದೋ ಎಂದು ತಿಳಿಯದೆ ಯಾವ ದಾರಿಯನ್ನೂ ಆರಿಸಬೇಡಿ. ಸಂಬಳದ ದುಡ್ಡು ಕೋಣೆ ಕಟ್ಟುವುದಿಲ್ಲ, ಕಟ್ಟಡದ ದುಡ್ಡು ಸಂಬಳ ಕೊಡುವುದಿಲ್ಲ.

ಕಾನೂನು ಹೇಳುವುದೇನು

ನಾಲ್ಕರಿಂದ ಎಂಟನೇ ತರಗತಿಗೆ ಮಿತಿ 23, ಹೈಸ್ಕೂಲಿಗೆ 25. ವ್ಯಾಯಾಮ ಮತ್ತು ಸಂಗೀತದಂಥ ತಂಡದ ತರಗತಿಗಳಿಗೆ 40. ಇದಕ್ಕೆ ಮೊದಲು ಇದ್ದ ಮಿತಿ ಶಿಕ್ಷಕರ ಸಂಘದ ಒಪ್ಪಂದದ್ದು: ಕಿಂಡರ್‌ಗಾರ್ಟನ್‌ಗೆ 25, ಒಂದರಿಂದ ಆರಕ್ಕೆ 32, ಹೈಸ್ಕೂಲಿಗೆ 34. ಇಳಿಕೆ ಎಷ್ಟು ದೊಡ್ಡದು ಎಂದು ಇದರಿಂದಲೇ ಗೊತ್ತಾಗುತ್ತದೆ. ಮೂಲ ವೇಳಾಪಟ್ಟಿಯ ಪ್ರಕಾರ 2023-24ರಲ್ಲಿ ಶೇ 20ರಷ್ಟು ತರಗತಿಗಳು ಮಿತಿಯೊಳಗೆ ಬರಬೇಕಿತ್ತು; ಆಮೇಲೆ ವರ್ಷಕ್ಕೆ ಶೇ 20ರಂತೆ ಏರುತ್ತ 2027-28ಕ್ಕೆ ಎಲ್ಲ ತರಗತಿಗಳೂ ಬರಬೇಕು. ಮೊದಲೆರಡು ವರ್ಷದ ಗುರಿ ನಗರಕ್ಕೆ ಕಷ್ಟವಾಗಲಿಲ್ಲ. ಕೊರೋನಾ ಬಂದ ಮೇಲೆ ಮಕ್ಕಳ ಸಂಖ್ಯೆಯೇ ಇಳಿದಿತ್ತು, ಎಷ್ಟೋ ತರಗತಿಗಳು ತಾವಾಗಿಯೇ ಮಿತಿಯೊಳಗಿದ್ದವು. ನಿಜವಾದ ಖರ್ಚು ಇರುವುದು ಅಲ್ಲಿಂದ ಮುಂದಕ್ಕೆ.

ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ 60 ಮಕ್ಕಳ ತರಗತಿಯಲ್ಲಿ ಓದಿ ಬಂದ ನಮಗೆ 28 ಅನ್ನುವುದು ದೊಡ್ಡ ಸಂಖ್ಯೆಯಾಗಿ ಕಾಣುವುದಿಲ್ಲ, ನಿಜ. ನಮ್ಮಲ್ಲಿ ಆರ್‌ಟಿಇ ಕಾಯ್ದೆಯೂ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ. ಆದರೆ ಅದು ಶಿಕ್ಷಕರ ಅನುಪಾತ. ನ್ಯೂಯಾರ್ಕಿನ ಕಾನೂನು ಎಣಿಸುವುದು ಒಂದು ಕೋಣೆಯಲ್ಲಿ ಕೂತ ಮಕ್ಕಳನ್ನು. ಈ ಎರಡನ್ನೂ ಬೆರೆಸುವ ಅಭ್ಯಾಸ ಇಲ್ಲಿಯೂ ಉಂಟು. ಸಭೆಯಲ್ಲಿ ಯಾರಾದರೂ ‘ನಮ್ಮ ಶಾಲೆಯಲ್ಲಿ 13 ಮಕ್ಕಳಿಗೆ ಒಬ್ಬ ಟೀಚರ್ ಇದ್ದಾರೆ’ ಎಂದರೆ ಸಮಾಧಾನಪಟ್ಟುಕೊಳ್ಳಬೇಡಿ. ಸಂಗೀತ, ಚಿತ್ರಕಲೆ, ವಿಶೇಷ ಶಿಕ್ಷಣ, ಇಂಗ್ಲಿಷ್ ಕಲಿಕೆಯ ಟೀಚರೆಲ್ಲ ಆ ಲೆಕ್ಕದಲ್ಲಿ ಸೇರಿರುತ್ತಾರೆ. ನಿಮ್ಮ ಮಗುವಿನ ಸೆಕ್ಷನ್ನಿನಲ್ಲಿ ಎಷ್ಟು ಹೆಸರಿವೆ ಎಂದು ಕೇಳಿ.

ಮೊದಲ ದಾರಿ: ಟೀಚರ್‌ಗಳನ್ನು ನೇಮಿಸುವುದು

ಕೋಣೆ ಖಾಲಿ ಇರುವ ಶಾಲೆಗೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಇಂಥ ಶಾಲೆಗಳು ಬ್ರಾಂಕ್ಸ್‌ನಲ್ಲಿ, ಉತ್ತರ ಮತ್ತು ಮಧ್ಯ ಬ್ರೂಕ್ಲಿನ್‌ನಲ್ಲಿ, ಹಾರ್ಲೆಮ್ ಕಡೆ ಸಾಕಷ್ಟಿವೆ. ಕಾನೂನು ಪೂರ್ತಿ ಜಾರಿಯಾಗಬೇಕಾದರೆ ಇನ್ನೂ ಸುಮಾರು 17,700 ಟೀಚರ್ ಬೇಕು, ವರ್ಷಕ್ಕೆ 160ರಿಂದ 190 ಕೋಟಿ ಡಾಲರ್ ಬೇಕು ಎಂದು ನಗರದ ಸ್ವತಂತ್ರ ಬಜೆಟ್ ಕಚೇರಿ 2023ರಲ್ಲಿ ಅಂದಾಜು ಮಾಡಿತು. ಈ ಮೊತ್ತ ಪ್ರತಿ ವರ್ಷ ಬೇಕಾದ ದುಡ್ಡು ಅನ್ನುವುದನ್ನು ಗಮನಿಸಿ. ಒಂದು ವರ್ಷಕ್ಕೆ ಸಿಕ್ಕ ಅನುದಾನದಲ್ಲಿ ನೇಮಿಸಿದ ಟೀಚರಿಗೆ ಎರಡನೇ ವರ್ಷದ ಸಂಬಳ ಎಲ್ಲಿಂದ ಬರಬೇಕು? ಕೊರೋನಾ ಕಾಲದ ಫೆಡರಲ್ ನೆರವಿನಲ್ಲಿ ಶುರುವಾದ ಎಷ್ಟೋ ಕೆಲಸಗಳು 2024ರ ಸೆಪ್ಟೆಂಬರಿನಲ್ಲಿ ಆ ನೆರವು ಮುಗಿದಾಗ ತೊಂದರೆಗೆ ಸಿಕ್ಕಿದ್ದು ಇದೇ ಕಾರಣಕ್ಕೆ.

ಶಿಕ್ಷಕರ ಸಂಘದ 2023ರ ಒಪ್ಪಂದದ ಕೊನೆಯ ಹೊತ್ತಿಗೆ ಹೊಸ ಟೀಚರ ಆರಂಭದ ಸಂಬಳ ವರ್ಷಕ್ಕೆ 72 ಸಾವಿರ ಡಾಲರ್ ದಾಟುತ್ತದೆ. ಪಿಂಚಣಿ, ಆರೋಗ್ಯ ವಿಮೆ ಬೇರೆ. ನಮ್ಮ ಉದಾಹರಣೆಯ ಶಾಲೆಯ ಒಂದೇ ಒಂದು ತರಗತಿಗೆ ಇಬ್ಬರು ಬೇಕಾದರೆ, ಕಿಂಡರ್‌ಗಾರ್ಟನ್‌ನಿಂದ ಐದನೇ ತರಗತಿವರೆಗೆ ಎಷ್ಟಾಗಬಹುದು ಎಂದು ನೀವೇ ಗುಣಿಸಿ ನೋಡಿ.

ಈ ದಾರಿಯಲ್ಲಿ ದುಡ್ಡಿಗಿಂತ ದೊಡ್ಡ ಅಪಾಯವೊಂದಿದೆ. ಅದನ್ನು ಕ್ಯಾಲಿಫೋರ್ನಿಯಾ ಅನುಭವಿಸಿದೆ. 1996ರಲ್ಲಿ ಗವರ್ನರ್ ಪೀಟ್ ವಿಲ್ಸನ್ ಕಾಲದಲ್ಲಿ ಆ ರಾಜ್ಯ ಕಿಂಡರ್‌ಗಾರ್ಟನ್‌ನಿಂದ ಮೂರನೇ ತರಗತಿವರೆಗೆ 20 ಮಕ್ಕಳ ಸೆಕ್ಷನ್ ಮಾಡುವ ಜಿಲ್ಲೆಗಳಿಗೆ ಮಗುವೊಂದಕ್ಕೆ 650 ಡಾಲರ್ ಕೊಡಲು ಹೊರಟಿತು. ಎಲ್ಲ ಜಿಲ್ಲೆಗಳೂ ಒಟ್ಟಿಗೆ ನೇಮಕಕ್ಕಿಳಿದವು. ಒಳ್ಳೆಯ ಬಡಾವಣೆಗಳಲ್ಲಿ ಜಾಗ ಖಾಲಿಯಾದ ಕೂಡಲೇ ಬಡ ಶಾಲೆಗಳಲ್ಲಿದ್ದ ಅನುಭವಿ ಟೀಚರ್‌ಗಳು ಅಲ್ಲಿಗೆ ಹೋದರು. ಅವರ ಜಾಗಕ್ಕೆ ಬಂದವರಲ್ಲಿ ತರಬೇತಿ ಪೂರ್ತಿಯಾಗದವರು, ಶಿಕ್ಷಕರ ಪರವಾನಗಿ ಇಲ್ಲದವರು ಬಹಳ. ತರಗತಿ ಚಿಕ್ಕದಾಯಿತು, ಕಲಿಸುವವರು ಹೊಸಬರಾದರು; ಚಿಕ್ಕ ತರಗತಿಯ ಲಾಭ ಅತಿ ಹೆಚ್ಚು ಬೇಕಿದ್ದ ಮಕ್ಕಳಿಗೇ ಅದು ಸರಿಯಾಗಿ ದಕ್ಕಲಿಲ್ಲ. ನ್ಯೂಯಾರ್ಕ್ ಕೂಡ ಸಾವಿರಾರು ಜನರನ್ನು ಬೇಗ ಬೇಗ ನೇಮಿಸಹೊರಟರೆ ಬ್ರಾಂಕ್ಸ್‌ನ ಶಾಲೆಯ ಟೀಚರ್ ಕ್ವೀನ್ಸ್‌ನ ಸ್ಥಿತಿವಂತ ಬಡಾವಣೆ ಬೇಸೈಡ್‌ಗೆ ಬರುವುದನ್ನು ತಡೆಯುವವರು ಯಾರು? ಆದ್ದರಿಂದ ಟೀಚರ್‌ಗಳಿಗೆ ದುಡ್ಡು ಕೊಡುವಾಗ, ಟೀಚರ್ ಹುದ್ದೆ ಭರ್ತಿಯಾಗದೆ ಉಳಿಯುವ ಶಾಲೆಗಳಿಗೆ ಮೊದಲು ನೇಮಕದ ಅವಕಾಶ ಕೊಡಬೇಕು ಎಂದು ಕೇಳುವುದು ನ್ಯಾಯ.

ಎರಡನೇ ದಾರಿ: ಇದ್ದ ಕಟ್ಟಡದಲ್ಲೇ ಕೋಣೆ ಹುಡುಕುವುದು

ಕೇಳಲು ಸುಲಭ. ಪ್ರಿ-ಕೆ (ಕಿಂಡರ್‌ಗಾರ್ಟನ್‌ಗೂ ಮುಂಚಿನ ತರಗತಿ) ಮಕ್ಕಳನ್ನು ಹತ್ತಿರದ ಸಮುದಾಯ ಕೇಂದ್ರಗಳಿಗೆ ಕಳಿಸಿದರೆ ನಾಲ್ಕಾರು ಕೋಣೆ ಸಿಗುತ್ತವೆ. ಒಂದೇ ಕಟ್ಟಡದಲ್ಲಿ ಎರಡು ಮೂರು ಶಾಲೆಗಳಿದ್ದರೆ ಕಚೇರಿಗಳನ್ನು ಒಟ್ಟುಗೂಡಿಸಬಹುದು. ಖರ್ಚು ಕಡಿಮೆ, ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ.

ಆದರೆ ಕೋಣೆಗಾಗಿ ಹುಡುಕುವವರ ಕಣ್ಣು ಮೊದಲು ಬೀಳುವುದು ಲೈಬ್ರರಿ, ಸಂಗೀತದ ಕೋಣೆ, ವಿಜ್ಞಾನದ ಲ್ಯಾಬ್, ಮಾತಿನ ಚಿಕಿತ್ಸೆ ಕೊಡುವ ಪುಟ್ಟ ಕೋಣೆಗಳ ಮೇಲೆ. ಚಿತ್ರಕಲೆಯ ಟೀಚರ್ ಬಣ್ಣದ ಡಬ್ಬಿಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ತರಗತಿಯಿಂದ ತರಗತಿಗೆ ಓಡಾಡುವ ಶಾಲೆಗಳು ಈ ನಗರದಲ್ಲಿ ಹೊಸತೇನಲ್ಲ. 20 ಮಕ್ಕಳ ತರಗತಿ ಸಿಕ್ಕಿ ಲೈಬ್ರರಿ ಹೋದರೆ ಮಗುವಿಗೆ ಬಂದ ಲಾಭವೆಷ್ಟು? ನನ್ನ ಮಟ್ಟಿಗೆ ಲೈಬ್ರರಿ ಮತ್ತು ಚಿಕಿತ್ಸೆಯ ಕೋಣೆಗಳನ್ನು ಮುಟ್ಟಲೇಬಾರದು. ಪ್ರಿ-ಕೆ ಸ್ಥಳಾಂತರದ ವಿಷಯದಲ್ಲಿ, ಆ ಕೇಂದ್ರ ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಪ್ಪಬಹುದು. ಅಣ್ಣನನ್ನು ಒಂದು ಕಡೆ, ತಂಗಿಯನ್ನು ಇನ್ನೊಂದು ಕಡೆ ಬಿಟ್ಟು ಕೆಲಸಕ್ಕೆ ಓಡುವ ತಾಯಂದಿರ ಬೆಳಗ್ಗೆಯೂ ಈ ಲೆಕ್ಕದಲ್ಲಿ ಇರಲಿ.

ಮೂರನೇ ದಾರಿ: ಹೊಸ ಕಟ್ಟಡ

ಕ್ವೀನ್ಸ್, ದಕ್ಷಿಣ ಬ್ರೂಕ್ಲಿನ್, ಸ್ಟೇಟನ್ ಐಲ್ಯಾಂಡ್‌ನ ಕಿಕ್ಕಿರಿದ ಶಾಲೆಗಳಿಗೆ ಬಹುಕಾಲದ ಉತ್ತರ ಇದೇ. ಕಟ್ಟುವ ಹೊಣೆ 1988ರಲ್ಲಿ ಸ್ಥಾಪನೆಯಾದ ಶಾಲಾ ನಿರ್ಮಾಣ ಪ್ರಾಧಿಕಾರದ್ದು. ಐದೈದು ವರ್ಷದ ಬಂಡವಾಳ ಯೋಜನೆ, ಬಾಂಡ್ ಮೂಲಕ ಎತ್ತಿದ ಸಾಲ. ಆ ಸಾಲವನ್ನು ದಶಕಗಳ ಕಾಲ ತೀರಿಸುವುದರಿಂದ ಒಂದು ವರ್ಷದ ಬಜೆಟ್ಟಿನ ಮೇಲೆ ಬೀಳುವ ಭಾರ ಕಡಿಮೆ. 2024ರಲ್ಲಿ ಮೇಯರ್ ಕೈಯಲ್ಲಿರುವ ಶಾಲಾ ಆಡಳಿತವನ್ನು ರಾಜ್ಯ ಇನ್ನೆರಡು ವರ್ಷಕ್ಕೆ ವಿಸ್ತರಿಸಿದಾಗ ಬಂಡವಾಳ ಯೋಜನೆಗೆ ಇನ್ನೂ 200 ಕೋಟಿ ಡಾಲರ್ ಸೇರಿಸಬೇಕೆಂದು ಷರತ್ತು ಹಾಕಿದ್ದು ಈ ತರಗತಿ ಮಿತಿಯ ಸಲುವಾಗಿಯೇ.

ತೊಂದರೆ ಕಾಲದ್ದು. ಜಾಗ ಹುಡುಕಿ, ಕೊಂಡು, ನಕ್ಷೆ ಮಾಡಿ, ಕಟ್ಟಿ ಬಾಗಿಲು ತೆರೆಯುವಷ್ಟರಲ್ಲಿ ಇಂದು ಕಿಂಡರ್‌ಗಾರ್ಟನ್‌ನಲ್ಲಿರುವ ಮಗು ಪ್ರಾಥಮಿಕ ಶಾಲೆಯನ್ನೇ ಮುಗಿಸಿರಬಹುದು. ನಗರದ ಒಟ್ಟು ಮಕ್ಕಳ ಸಂಖ್ಯೆ ಇಳಿಯುತ್ತಿರುವಾಗ ಕಟ್ಟುವುದೇಕೆ ಎಂಬ ಪ್ರಶ್ನೆಯೂ ಇದೆ. ಸಂಖ್ಯೆ ಇಳಿದಿರುವ ಬಡಾವಣೆ ಒಂದು, ಕೋಣೆ ಸಾಲದ ಬಡಾವಣೆ ಇನ್ನೊಂದು ಎನ್ನುವುದೇ ಅದಕ್ಕೆ ಉತ್ತರ. ಬ್ರಾಂಕ್ಸ್‌ನ ಖಾಲಿ ಕೋಣೆ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿರುವ ಆರು ವರ್ಷದ ಮಗುವಿಗೆ ಒದಗುವುದಿಲ್ಲ.

ನಾಲ್ಕನೇ ದಾರಿ: ಪ್ರವೇಶಕ್ಕೆ ಮಿತಿ, ವಲಯದ ಗಡಿ ಬದಲಾವಣೆ

ದುಡ್ಡು ಅತಿ ಕಡಿಮೆ, ಮನಸ್ತಾಪ ಅತಿ ಹೆಚ್ಚು. ಕಿಕ್ಕಿರಿದ ಶಾಲೆಯ ವಲಯವನ್ನು ಕಿರಿದು ಮಾಡಿ ಪಕ್ಕದ, ಕೋಣೆ ಇರುವ ಶಾಲೆಗೆ ಕೆಲವು ಬೀದಿಗಳನ್ನು ಸೇರಿಸುವುದು. ಪ್ರಾಥಮಿಕ ಶಾಲೆಗಳ ವಲಯದ ಗಡಿಯನ್ನು ಒಪ್ಪುವ ಅಧಿಕಾರ ನಗರದ 32 ಶಾಲಾ ಜಿಲ್ಲೆಗಳಲ್ಲಿರುವ ಸಮುದಾಯ ಶಿಕ್ಷಣ ಮಂಡಳಿಗಳದ್ದು, ಅಂದರೆ ಪೋಷಕರೇ ಹೆಚ್ಚಾಗಿರುವ ಸಿಇಸಿಗಳದ್ದು. 2016ರ ಜನವರಿಯಲ್ಲಿ ಬ್ರೂಕ್ಲಿನ್‌ನ ಪಿ.ಎಸ್. 8 (ಪಿ.ಎಸ್. ಎಂದರೆ ಪಬ್ಲಿಕ್ ಸ್ಕೂಲ್, ಸರ್ಕಾರಿ ಶಾಲೆ) ಮತ್ತು ಪಿ.ಎಸ್. 307ರ ನಡುವಿನ ಗಡಿ, ಅದೇ ವರ್ಷದ ನವೆಂಬರಿನಲ್ಲಿ ಮ್ಯಾನ್‌ಹಾಟನ್‌ನ ಪಿ.ಎಸ್. 199 ಮತ್ತು ಪಿ.ಎಸ್. 191ರ ನಡುವಿನ ಗಡಿ ಬದಲಾದವು. ಎರಡೂ ಕಡೆ ಒಂದು ಶಾಲೆ ತುಂಬಿ ತುಳುಕುತ್ತಿತ್ತು, ಕೆಲವೇ ಬೀದಿಗಳಾಚೆಯ ಇನ್ನೊಂದರಲ್ಲಿ ಜಾಗವಿತ್ತು. ತುಂಬಿದ ಶಾಲೆಯಲ್ಲಿ ಬಿಳಿಯ, ಸ್ಥಿತಿವಂತ ಮನೆಯ ಮಕ್ಕಳು. ಜಾಗವಿದ್ದ ಶಾಲೆಯಲ್ಲಿ ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು. ಸಭೆಗಳು ಕಾವೇರಿದ್ದು ಕೋಣೆಗಳ ಲೆಕ್ಕಕ್ಕಾಗಿ ಅಷ್ಟೇ ಆಗಿರಲಿಲ್ಲ.

ಈ ದಾರಿಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಗಂಟಿದೆ. 2007ರಿಂದ ನಗರ ಶಾಲೆಗಳಿಗೆ ದುಡ್ಡು ಹಂಚುತ್ತಿರುವುದು ಮಕ್ಕಳ ತಲೆ ಎಣಿಸಿ. ಮಗುವೊಂದಕ್ಕೆ ಮೂಲ ಮೊತ್ತವೇ ನಾಲ್ಕು ಸಾವಿರ ಡಾಲರಿಗೂ ಹೆಚ್ಚು. ಬಡತನ, ವಿಶೇಷ ಶಿಕ್ಷಣ, ಇಂಗ್ಲಿಷ್ ಕಲಿಕೆಗೆ ಮೇಲೊಂದಿಷ್ಟು ಸೇರುತ್ತದೆ. ನಮ್ಮ ಉದಾಹರಣೆಯ ಶಾಲೆಯಿಂದ 32 ಮಕ್ಕಳು ಹೋದರೆ ಬಜೆಟ್ಟಿನಿಂದ ಒಂದು ಲಕ್ಷ ಡಾಲರಿಗೂ ಮಿಕ್ಕಿ ಹೋಗುತ್ತದೆ. ಆದರೆ ನಾಲ್ಕು ಸೆಕ್ಷನ್ನಿಗೆ ನಾಲ್ಕು ಟೀಚರ್ ಬೇಕೇ ಬೇಕಲ್ಲ! ಮಕ್ಕಳು ಕಡಿಮೆಯಾದರೂ ಸಂಬಳದ ಖರ್ಚು ಹಾಗೇ ನಿಲ್ಲುತ್ತದೆ. ಸಂಗೀತದ ಟೀಚರನ್ನೋ ಕೌನ್ಸೆಲರನ್ನೋ ಕಳಿಸಬೇಕಾದ ಪರಿಸ್ಥಿತಿ ಬರುತ್ತದೆ. ಪ್ರವೇಶ ಮಿತಿಯನ್ನು ಬೆಂಬಲಿಸುವವರು, ಮಿತಿ ಹಾಕಿಕೊಂಡ ಶಾಲೆಯ ಬಜೆಟ್ಟನ್ನು ಕೆಲವು ವರ್ಷ ಕಾಯುವ ಭರವಸೆಯನ್ನು ಜೊತೆಗೇ ಕೇಳಬೇಕು.

ಹೈಸ್ಕೂಲಿನ ವಿಷಯ ನಮ್ಮವರನ್ನು ನೇರವಾಗಿ ತಟ್ಟುತ್ತದೆ. ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್, ಫ್ರಾನ್ಸಿಸ್ ಲೂಯಿಸ್‌ನಂಥ ದೊಡ್ಡ ಶಾಲೆಗಳಲ್ಲಿ 34ರಿಂದ 25ಕ್ಕೆ ಇಳಿಯಬೇಕಾದರೆ ಕಟ್ಟಡ ಹಿಗ್ಗಬೇಕು, ಇಲ್ಲವೇ ಸೀಟು ಕುಗ್ಗಬೇಕು, ಇಲ್ಲವೇ ಪಾಳಿಯ ಮೇಲೆ ತರಗತಿ ನಡೆಯಬೇಕು. ಪ್ರವೇಶ ಪರೀಕ್ಷೆಗೆ ವರ್ಷಗಟ್ಟಲೆ ಓದುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಸೀಟು ಕಡಿಮೆಯಾಗುವ ಭಯ ಸಹಜ. ಜಾಗವಿಲ್ಲದ ಮತ್ತು ಬೇಡಿಕೆ ಮೀರಿದ ಶಾಲೆಗಳಿಗೆ ವಿನಾಯಿತಿ ಕೊಡಲು ಕಾನೂನಿನಲ್ಲೇ ಅವಕಾಶವಿದೆ. ಆ ವಿನಾಯಿತಿಯನ್ನು ಇಂಥ ಹೈಸ್ಕೂಲುಗಳಿಗೆ ಬಳಸುವುದು ಸರಿ ಎಂದೇ ನನಗನ್ನಿಸುತ್ತದೆ; ಏಕೆಂದರೆ ಚಿಕ್ಕ ತರಗತಿಯಿಂದ ಲಾಭವಿದೆ ಎನ್ನುವ ಗಟ್ಟಿ ಪುರಾವೆ ಇರುವುದು ಎಳೆಯ ಮಕ್ಕಳ ವಿಷಯದಲ್ಲಿ.

ಆ ಪುರಾವೆ ಯಾವುದು

1985ರಲ್ಲಿ ಟೆನೆಸಿ ರಾಜ್ಯ ಸ್ಟಾರ್ ಎಂಬ ಪ್ರಯೋಗ ಶುರು ಮಾಡಿತು. 79 ಶಾಲೆಗಳು, ನಾಲ್ಕು ವರ್ಷದಲ್ಲಿ ಒಟ್ಟು ಸುಮಾರು 11,600 ಮಕ್ಕಳು. ಚೀಟಿ ಎತ್ತಿದ ಹಾಗೆ ಮಕ್ಕಳನ್ನೂ ಟೀಚರ್‌ಗಳನ್ನೂ ಮೂರು ಬಗೆಯ ತರಗತಿಗೆ ಹಂಚಿದರು: 13ರಿಂದ 17 ಮಕ್ಕಳ ಚಿಕ್ಕದು, 22ರಿಂದ 25ರ ಮಾಮೂಲಿನದು, ಅಷ್ಟೇ ಮಕ್ಕಳಿದ್ದು ಪೂರ್ಣಾವಧಿ ಸಹಾಯಕಿ ಇರುವುದು. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 1999ರಲ್ಲಿ ಈ ಅಂಕಿಗಳನ್ನು ಮತ್ತೆ ಪರಿಶೀಲಿಸಿದಾಗ, ಚಿಕ್ಕ ತರಗತಿಯ ಮಕ್ಕಳು ಮೊದಲ ವರ್ಷವೇ ಸುಮಾರು 4 ಪರ್ಸೆಂಟೈಲ್ (ನೂರು ಮಕ್ಕಳ ಸಾಲಿನಲ್ಲಿ ನಾಲ್ಕು ಸ್ಥಾನ) ಮುಂದಿದ್ದರು, ಆಮೇಲಿನ ಪ್ರತಿ ವರ್ಷ ಸುಮಾರು ಒಂದೊಂದು ಸೇರುತ್ತ ಹೋಯಿತು. ಬಡ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಲಾಭ ಹೆಚ್ಚು. ಸಹಾಯಕಿ ಇದ್ದ ತರಗತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

‘ಇನ್ನೊಬ್ಬ ಟೀಚರಿಗೆ ದುಡ್ಡಿಲ್ಲ, ಒಬ್ಬ ಸಹಾಯಕಿಯನ್ನು ಕೊಡುತ್ತೇವೆ’ ಎಂದು ಹೇಳಿದಾಗ ಈ ಕೊನೆಯ ಸಾಲನ್ನು ನೆನಪಿಡಿ. ವಿಶೇಷ ಅಗತ್ಯವಿರುವ ಮಗುವಿಗೆ ಸಹಾಯಕಿ ಬೇಕೇ ಬೇಕು, ಅದು ಬೇರೆ ಮಾತು. ಚಿಕ್ಕ ತರಗತಿಗೆ ಅದು ಬದಲಿ ಅಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಫ್ಲಾರಿಡಾದ ಮತದಾರರು 2002ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿ 18, 22, 25 ಎಂಬ ಮಿತಿ ತಂದರು, ಎಲ್ಲ ಶಾಲೆಗೂ, ಎಲ್ಲ ತರಗತಿಗೂ. ಆಮೇಲೆ ನಡೆದ ಅಧ್ಯಯನದಲ್ಲಿ ಆ ಕಡ್ಡಾಯದಿಂದ ಎದ್ದು ಕಾಣುವ ಲಾಭ ಸಿಗಲಿಲ್ಲ. ಟೆನೆಸಿಯಲ್ಲಿ ತರಗತಿ 23ರ ಆಸುಪಾಸಿನಿಂದ 15ರ ಆಸುಪಾಸಿಗೆ ಇಳಿದಿತ್ತು, ಎಳೆಯ ತರಗತಿಗಳಲ್ಲಿ ಮಾತ್ರ ಇಳಿದಿತ್ತು. ಎಲ್ಲರಿಗೂ ಒಂದೆರಡು ಮಕ್ಕಳನ್ನು ಕಡಿಮೆ ಮಾಡುವುದು ಬೇರೆ, ಬೇಕಾದವರಿಗೆ ಏಳೆಂಟು ಮಕ್ಕಳನ್ನು ಕಡಿಮೆ ಮಾಡುವುದು ಬೇರೆ.

ಇಲ್ಲಿಯೇ ನ್ಯೂಯಾರ್ಕ್ ಕಾನೂನಿನ ಮುಳ್ಳಿರುವುದು. ಬಡತನ ಹೆಚ್ಚಿರುವ ಶಾಲೆಗಳಿಗೆ ಆದ್ಯತೆ ಎಂದು ಅದು ಹೇಳುತ್ತದೆ. ಆದರೆ ಆ ಶಾಲೆಗಳಲ್ಲಿ ಎಷ್ಟೋ ಕಡೆ ತರಗತಿಗಳು ಈಗಲೇ ಚಿಕ್ಕವು. ಮಿತಿ ಮೀರಿರುವುದು ಬೇಡಿಕೆ ಇರುವ, ಸ್ಥಿತಿವಂತ ಬಡಾವಣೆಗಳ ಶಾಲೆಗಳಲ್ಲಿ ಹೆಚ್ಚು. ಹಾಗಾಗಿ ಹೊಸ ದುಡ್ಡಿನ ದೊಡ್ಡ ಪಾಲು ಬೇಸೈಡ್, ಫ್ಲೋರಲ್ ಪಾರ್ಕ್ ಕಡೆಯ ಶಾಲೆಗಳಿಗೆ, ಅಂದರೆ ನಮ್ಮಲ್ಲಿ ಬಹಳ ಜನರ ಮಕ್ಕಳು ಓದುವಂಥ ಶಾಲೆಗಳಿಗೇ ಬರಬಹುದು. ನಮ್ಮ ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಆದರೂ ಬಡ ಶಾಲೆಗಳಲ್ಲಿ ಮಿತಿ ಮೀರಿದ ಕೆಳಗಿನ ತರಗತಿಗಳು ಮೊದಲು, ಉಳಿದವು ಆಮೇಲೆ ಎಂಬ ಸರದಿಯನ್ನೇ ನಾನು ಬೆಂಬಲಿಸುತ್ತೇನೆ, ನಮ್ಮ ಸರದಿ ಒಂದೆರಡು ವರ್ಷ ತಡವಾದರೂ ಸರಿ.

ಪಿಟಿಎ (ಪೋಷಕರು-ಶಿಕ್ಷಕರ ಸಂಘ) ದುಡ್ಡಿನಿಂದ ಟೀಚರ್?

ಆಗುವುದಿಲ್ಲ. 1997ರಲ್ಲಿ ಗ್ರೀನ್‌ವಿಚ್ ವಿಲೇಜ್‌ನ ಪಿ.ಎಸ್. 41ರಲ್ಲಿ ತರಗತಿ ದೊಡ್ಡದಾಗುವುದನ್ನು ತಡೆಯಲು ಪೋಷಕರು 46,000 ಡಾಲರ್ ಕೂಡಿಸಿ ಒಬ್ಬ ಟೀಚರನ್ನು ಉಳಿಸಿಕೊಳ್ಳಲು ನೋಡಿದರು. ಆಗ ನಗರದ ಶಾಲೆಗಳ ಮುಖ್ಯಸ್ಥರಾಗಿದ್ದ ಚಾನ್ಸೆಲರ್ ರೂಡಿ ಕ್ರೂ ಒಪ್ಪಲಿಲ್ಲ. ಕೊನೆಗೆ ಆ ಸಂಬಳ ಸಾರ್ವಜನಿಕ ದುಡ್ಡಿನಿಂದಲೇ ಬಂತು. ಮುಖ್ಯ ವಿಷಯಗಳ ಟೀಚರಿಗೆ ಪಿಟಿಎ ಸಂಬಳ ಕೊಡುವಂತಿಲ್ಲ ಎಂಬ ನಿಯಮ ಇಂದಿಗೂ ಇದೆ, ಇರಬೇಕಾದ್ದೇ. ಹಣವಿರುವ ಬೀದಿಗೆ ಚಿಕ್ಕ ತರಗತಿ, ಇಲ್ಲದ ಬೀದಿಗೆ ದೊಡ್ಡದು ಎಂದಾಗಬಾರದು.

ದುಡ್ಡು ಬಂತು, ತರಗತಿ ಚಿಕ್ಕದಾಗಲಿಲ್ಲ

ಯಾವ ದಾರಿ ಆರಿಸಿದರೂ ಈ ಇತಿಹಾಸ ತಿಳಿದಿರಬೇಕು. ನಗರದ ಶಾಲೆಗಳಿಗೆ ರಾಜ್ಯ ಸಾಕಷ್ಟು ಹಣ ಕೊಡುತ್ತಿಲ್ಲ ಎಂದು 1993ರಲ್ಲಿ ದಾಖಲಾದ ಮೊಕದ್ದಮೆಯಲ್ಲಿ 2003ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಗರದ ಮಕ್ಕಳ ಪರ ತೀರ್ಪು ಕೊಟ್ಟಿತು. ತರಗತಿಗಳು ಮಿತಿಮೀರಿ ದೊಡ್ಡವು ಎನ್ನುವುದು ಆ ತೀರ್ಪಿನ ಕಾರಣಗಳಲ್ಲಿ ಒಂದು. 2007ರಲ್ಲಿ ಶಾಲೆಗಳಿಗೆ ರಾಜ್ಯದ ನೆರವು ಹಂಚುವ ಫೌಂಡೇಶನ್ ಏಡ್ ಎಂಬ ಸೂತ್ರ ಬಂತು, ತರಗತಿ ಚಿಕ್ಕದು ಮಾಡುವ ಐದು ವರ್ಷದ ಯೋಜನೆಯೂ ಬಂತು. ಮರುವರ್ಷ ಆರ್ಥಿಕ ಕುಸಿತ. ನೆರವು ನಿಂತಿತು, ತರಗತಿಗಳು ಮತ್ತೆ ದೊಡ್ಡದಾದವು. ಫೌಂಡೇಶನ್ ಏಡ್ ಪೂರ್ತಿ ಸಿಕ್ಕಿದ್ದು 2021ರ ರಾಜಿಯ ನಂತರ, 2023-24ರ ಹೊತ್ತಿಗೆ. ಚಿಕ್ಕ ತರಗತಿಗೆ ಬೇಕಾದ ಹಣ ಇದರಲ್ಲೇ ಇದೆ ಎನ್ನುವುದು ರಾಜ್ಯದ ವಾದ. ಕಾನೂನು ಮಾಡಿದವರು ದುಡ್ಡು ಬೇರೆಯೇ ಕೊಡಬೇಕಿತ್ತು ಎನ್ನುವುದು ನಗರದ ವಾದ.

ಅದಕ್ಕೂ ಮುಂಚೆ, ಕೆಳಗಿನ ತರಗತಿಗಳನ್ನು ಚಿಕ್ಕದು ಮಾಡಲೆಂದೇ ರಾಜ್ಯ ಬೇರೆ ಹಣ ಕೊಡುತ್ತಿತ್ತು. 2006ರಲ್ಲಿ ರಾಜ್ಯದ ಲೆಕ್ಕ ತಪಾಸಕರು ನೋಡಿದಾಗ, ಆ ಹಣಕ್ಕೆ ತಕ್ಕಷ್ಟು ಹೊಸ ಸೆಕ್ಷನ್‌ಗಳು ಆಗಿರಲಿಲ್ಲ. ಹೊಸ ದುಡ್ಡು ಬಂದಾಗ ನಗರ ತಾನು ಮೊದಲು ಹಾಕುತ್ತಿದ್ದ ದುಡ್ಡನ್ನು ಹಿಂದಕ್ಕೆಳೆದುಕೊಂಡರೆ ಕಾಗದದಲ್ಲಿ ಖರ್ಚು ಸರಿಯಾಗಿರುತ್ತದೆ, ತರಗತಿಯಲ್ಲಿ ಮಕ್ಕಳು ಅಷ್ಟೇ ಇರುತ್ತಾರೆ. ಇದನ್ನು ಹಿಡಿಯಲು ಇರುವ ಉಪಾಯ ಒಂದೇ: ಅನುದಾನ ಬರುವ ಹಿಂದಿನ ವರ್ಷ ಆ ತರಗತಿಯಲ್ಲಿ ಎಷ್ಟು ಸೆಕ್ಷನ್ ಇದ್ದವು, ಈಗ ಎಷ್ಟಿವೆ ಎಂದು ಕೇಳುವುದು.

ಕೇಳುವುದು ಎಲ್ಲಿ

ಪ್ರತಿ ಶಾಲೆಯಲ್ಲೂ ಎಸ್‌ಎಲ್‌ಟಿ ಎಂಬ ತಂಡವಿದೆ, ನಮ್ಮ ಎಸ್‌ಡಿಎಂಸಿಯ ಬಗೆಯದು. ಪೋಷಕರೂ ಸಿಬ್ಬಂದಿಯೂ ಸಮಸಂಖ್ಯೆಯಲ್ಲಿರುತ್ತಾರೆ, ಶಾಲೆಯ ವಾರ್ಷಿಕ ಯೋಜನೆ ಇಲ್ಲಿ ತಯಾರಾಗುತ್ತದೆ. ಇದರ ಸಭೆ ಎಲ್ಲರಿಗೂ ತೆರೆದಿರಬೇಕು ಎಂದು ನ್ಯಾಯಾಲಯವೇ ಹೇಳಿದೆ. ಜಿಲ್ಲೆಯ ಸಿಇಸಿಗೆ ಸ್ಪರ್ಧಿಸಲು ಅಮೆರಿಕದ ಪೌರತ್ವ ಬೇಕಿಲ್ಲ. ವೀಸಾದ ಮೇಲಿರುವ ಪೋಷಕರೂ ನಿಲ್ಲಬಹುದು. ಎಷ್ಟೋ ಮಂದಿ ಇದು ತಮಗಲ್ಲವೆಂದುಕೊಂಡು ದೂರ ಉಳಿದಿರುವುದು ಬೇಸರದ ಸಂಗತಿ.

ಕೋಣೆ ಖಾಲಿ ಇದೆ, ಟೀಚರ್ ಇಲ್ಲ ಎಂದಾದರೆ ಎಸ್‌ಎಲ್‌ಟಿಯಲ್ಲಿ ಟೀಚರ ಅನುದಾನಕ್ಕೆ ಅರ್ಜಿ ಹಾಕಲು ಪ್ರಿನ್ಸಿಪಾಲರನ್ನು ಒತ್ತಾಯಿಸಿ, ಅದು ಎಷ್ಟು ವರ್ಷಕ್ಕೆ ಎಂದು ಬರೆಸಿಕೊಳ್ಳಿ. ಕೋಣೆಯೇ ಇಲ್ಲ, ಹತ್ತು ನಿಮಿಷದ ನಡಿಗೆಯಲ್ಲಿ ಜಾಗವಿರುವ ಶಾಲೆ ಇದೆ ಎಂದಾದರೆ ಸಿಇಸಿಯಲ್ಲಿ ಗಡಿಯ ಮಾತು ಎತ್ತಿ. ಹೊಸದಾಗಿ ಸೇರುವ ಮಕ್ಕಳಿಗೆ ಮಾತ್ರ ಅದು ಅನ್ವಯಿಸಲಿ, ಈಗ ಓದುತ್ತಿರುವವರೂ ಅವರ ತಮ್ಮ ತಂಗಿಯರೂ ಇದ್ದಲ್ಲೇ ಉಳಿಯಲಿ ಎಂದು ಕೇಳಿ. ಸುತ್ತಲಿನ ಎಲ್ಲ ಶಾಲೆಗಳೂ ತುಂಬಿದ್ದರೆ ಕಟ್ಟಡಕ್ಕಾಗಿ ಒತ್ತಾಯ ಈ ವರ್ಷವೇ ಶುರುವಾಗಬೇಕು, ಲಾಭ ನಿಮ್ಮ ಮಗುವಿಗೆ ಸಿಗದೆ ಪಕ್ಕದ ಮನೆಯ ಕೂಸಿಗೆ ಸಿಗುವುದಾದರೂ ಕೂಡ.